ಹೆಬ್ಬೆಟ್ಟು: ಸಹಿಯೋ, ಕೀಲಿಕೈಯೋ?

ನಮ್ಮ ನಿಡಗುಂದಿಯ ಬಸ್‌ಸ್ಟ್ಯಾಂಡಿನ ಹತ್ತಿರದ ಚಹದ ಅಂಗಡಿಯಲ್ಲಿ ಮುಂಜಾನೆಯ ಪತ್ರಿಕೆಯನ್ನು ಒಬ್ಬನು ಓದುವದು, ಹತ್ತು ಮಂದಿ ಕೇಳುವದು ಬಹು ದಿನದ ರೂಢಿ. ಎಲ್ಲರ ಕಿಸೆಯಲ್ಲಿ ಫೋನು ಬಂದು ಕುಳಿತ ಮೇಲೂ ಆ ರೂಢಿ ಪೂರ್ತಿ ಬಿಟ್ಟುಹೋಗಿಲ್ಲ. 2023ರ ದಸರೆಯ ಸುಮಾರಿಗೆ ಹೀಗೆ ಓದಲಾದ ಸುದ್ದಿಯೊಂದು ಎಲ್ಲರನ್ನೂ ನಗಿಸಿತು. ಆಸ್ತಿಯ ನೋಂದಣಿ ಪತ್ರಗಳ ಮೇಲಿನ ಹೆಬ್ಬೆಟ್ಟಿನ ಗುರುತುಗಳನ್ನು ಕದ್ದು, ಅವುಗಳ ಅಚ್ಚು ತೆಗೆದು, ಕಳ್ಳರು ಬೇರೆಯವರ ಬ್ಯಾಂಕಿನ ಹಣವನ್ನು ಎತ್ತುತ್ತಿದ್ದಾರೆಂಬುದು ಆ ಸುದ್ದಿಯ ಸಾರಾಂಶ. “ಹೆಬ್ಬಟ್ಟು ಕದ್ರು ಅಂದ್ರ ಏನ್ರೀ? ಕೈ ಕಡಕೊಂಡು ಹೋದ್ರೇನು?” ಎಂದು ಹಿರಿಯರೊಬ್ಬರು ಕೇಳಿದರು. ಚಹ ಕುಡಿಯುತ್ತಿದ್ದವರಿಗೆ ನೆತ್ತಿಗೇರಿತು.

ನಾನು ಮಾತ್ರ ನಗಲಿಲ್ಲ. ಅದಕ್ಕೆ ಎರಡು ತಿಂಗಳು ಮುಂಚೆ ನಮ್ಮಕ್ಕನ ಖಾತೆಯಿಂದ ಹತ್ತು ಸಾವಿರ ರೂಪಾಯಿ ಹೀಗೆಯೇ ಮಾಯವಾಗಿದ್ದಿತು. ವಿಧವೆಯಾದ ಆಕೆ ಎರಡು ಎಮ್ಮೆಗಳ ಹೈನ ಮಾರಿ ಕೂಡಿಸಿದ ಹಣವದು. ಫೋನಿಗೆ ಬಂದ ಇಂಗ್ಲೀಷ ಸಂದೇಶವನ್ನು ಆಕೆ ಓದಲಾರಳು. ಪಾಸ್‌ಬುಕ್ಕು ತುಂಬಿಸಲು ಹೋದಾಗಲೇ ಗೊತ್ತಾದದ್ದು. ಬ್ಯಾಂಕಿನ ಹೆಸರು ಇಲ್ಲಿ ಬೇಡ. ಅಲ್ಲಿಯ ತರುಣ ಗುಮಾಸ್ತನು ಯಂತ್ರದ ಪರದೆಯನ್ನು ನೋಡಿ, “ಹೆಬ್ಬಟ್ಟು ನಿಮ್ಮದೇ ಐತ್ರೀ ಅವ್ವಾರ, ತಗೊಂಡವರೂ ನೀವೇ” ಎಂದು ಬಹು ವಿನಯದಿಂದ ಹೇಳಿದನು. ಅಕ್ಕ ತನ್ನ ಹೆಬ್ಬೆರಳನ್ನು ಹೊರಳಿಸಿ ಹೊರಳಿಸಿ ನೋಡಿಕೊಂಡಳು.

ಆ ಗುಮಾಸ್ತನು ಆಡಿದ ಒಂದು ಮಾತಿನ ಹಿಂದೆ ನೂರಾರು ವರ್ಷಗಳ ಇತಿಹಾಸ ನಿಂತಿದೆ. ಅದನ್ನು ಬರೆಯುವ ಅಧಿಕಾರ ನನಗೆ ತುಸು ಉಂಟೆಂದು ತಿಳಿಯುತ್ತೇನೆ. ನಮ್ಮಜ್ಜ ಕುಲಕರ್ಣಿಕೆ ಮಾಡಿದವರು. ಮೊಮ್ಮಗನಾದ ನಾನು ಅದೇ ಹೊಲಗಳ ಲೆಕ್ಕವನ್ನು ಗಣಕಯಂತ್ರದಲ್ಲಿ ಬೆರಳಚ್ಚು ಮಾಡಿದವನು. ನಡುವಿನ ಎಲ್ಲ ಮೆಟ್ಟಿಲುಗಳನ್ನೂ ನಮ್ಮ ಮನೆಯವರು ಹತ್ತಿದ್ದಾರೆ, ಇಲ್ಲವೆ ಎಡವಿದ್ದಾರೆ.

ಅಜ್ಜನ ದಪ್ತರವೆಂದರೆ ಕೆಂಪು ಅರಿವೆಯಲ್ಲಿ ಕಟ್ಟಿದ ಗಂಟುಗಳ ಒಂದು ರಾಶಿ. ಅದು ಸರಕಾರದ ಲೆಕ್ಕವಾದರೂ ಇರುತ್ತಿದ್ದದ್ದು ಕುಲಕರ್ಣಿಯ ಮನೆಯ ಅಟ್ಟದ ಮೇಲೆ. ಊರಿನಲ್ಲಿ ಯಾರ ಹೊಲ ಯಾವ ಬಾಂದುಕಲ್ಲಿನಿಂದ ಯಾವ ಬಾಂದುಕಲ್ಲಿನ ವರೆಗೆ, ಯಾರದು ಎಷ್ಟು ಆಕಾರ, ಯಾರ ಬಾಕಿ ಎಷ್ಟು ಎಂಬುದೆಲ್ಲ ಅದರಲ್ಲಿ. ಕಂಪನಿ ಸರಕಾರದ ಕಾಲದಲ್ಲಿ ವಿಂಗೇಟ್ ಮತ್ತು ಗೋಲ್ಡ್‌ಸ್ಮಿಡ್ ಎಂಬವರು ಮುಂಬಯಿ ಇಲಾಖೆಯ ಮೋಜಣಿಯ ಪದ್ಧತಿಯನ್ನು ಹಾಕಿಕೊಟ್ಟರು. 1847ರಲ್ಲಿ ಅದರ ನಿಯಮಗಳು ಗಟ್ಟಿಯಾದವು. 33 ಫೂಟಿನ ಸರಪಳಿ, ಅದಕ್ಕೆ 16 ಆಣೆ; ಸರಪಳಿಯುದ್ದ ಸರಪಳಿಯಗಲ ಒಂದು ಗುಂಟೆ; 40 ಗುಂಟೆಗೆ ಒಂದು ಎಕರೆ. ನಮ್ಮ ಕಡೆಯ ಒಕ್ಕಲಿಗನು ಈಗಲೂ ಜಗಳವಾಡುವದು ಈ ಗುಂಟೆ-ಆಣೆಗಳಲ್ಲಿಯೇ. ಸರಪಳಿ ಹಿಡಿದವರು ಹೋಗಿ ತಲೆಮಾರುಗಳಾದವು, ಆಣೆ ಹೋಗಿಯೂ ಬಹಳ ದಿನವಾಯಿತು. ಮಾತಿನಲ್ಲಿ ಮಾತ್ರ ಅವು ಉಳಿದಿವೆ.

ಆ ದಪ್ತರಕ್ಕೆ ರಕ್ಷಣೆ ಎಂಥದು? ಅಟ್ಟದ ಬಾಗಿಲಿಗೆ ಒಂದು ಕೀಲಿ ಇದ್ದೀತು. ಆದರೆ ನಿಜವಾದ ಕೀಲಿ ಬೇರೆ: ಹಳೆಯ ಕಾಗದಗಳೆಲ್ಲ ಮೋಡಿ ಲಿಪಿಯವು. ಎತ್ತಿದ ಕೈ ಇಳಿಸದೆ, ಅಕ್ಷರಕ್ಕೆ ಅಕ್ಷರ ಹೆಣೆದು ಬರೆದ ಆ ಸಾಲುಗಳನ್ನು ಊರಿನಲ್ಲಿ ಓದಬಲ್ಲವರು ಬೆರಳೆಣಿಕೆಯ ಜನ. ಬೆಂಗಳೂರಿನಲ್ಲಿ ಸೈಬರ್ ಸುರಕ್ಷತೆಯ ಕಂಪನಿಯೊಂದರಲ್ಲಿ ಕೆಲಸ ಮಾಡುವ ನನ್ನ ಅಕ್ಕನ ಮಗ ಆ ಗಂಟನ್ನು ಬಿಚ್ಚಿ ನೋಡಿ, “ಮಾವಾ, ಇದು ಖರೇನ ಎನ್‌ಕ್ರಿಪ್ಶನ್ ಐತಿ” ಎಂದು ನಕ್ಕನು. ತಮಾಷೆಯ ಮಾತಾದರೂ ಸುಳ್ಳಲ್ಲ. ಒಕ್ಕಲಿಗನ ಹೊಲದ ಗುಟ್ಟು ಒಕ್ಕಲಿಗನಿಗೇ ಓದಲಿಕ್ಕೆ ಬಾರದ ಲಿಪಿಯಲ್ಲಿತ್ತು. ಕಳ್ಳನಿಂದ ಅದು ಸುರಕ್ಷಿತವಾಗಿತ್ತೆಂಬುದು ನಿಜ, ಒಡೆಯನಿಂದಲೂ ಸುರಕ್ಷಿತವಾಗಿತ್ತು! ಅಜ್ಜ ಪ್ರಾಮಾಣಿಕರೆಂದು ನಮ್ಮ ಮನೆಯಲ್ಲಿ ಹೇಳುವರು. ಎಲ್ಲ ಕುಲಕರ್ಣಿಗಳ ಮನೆಗಳಲ್ಲಿಯೂ ಹಾಗೆಯೇ ಹೇಳುತ್ತಿರಬಹುದು.

ಮುಂಬಯಿ ಸರಕಾರಕ್ಕೂ ಈ ಸಂಶಯ ಇದ್ದೇ ಇದ್ದಿತು. 1903ರಲ್ಲಿ ಹಕ್ಕುದಾಖಲೆಯ ಕಾಯದೆ ಬಂದು, ಹೊಲ ಯಾರ ಹಕ್ಕಿನದು, ಸಾಲಕ್ಕೆ ಯಾರಿಗೆ ಒತ್ತೆ, ವಾರಸಾ ಯಾರಿಗೆ ಎಂಬುದನ್ನು ಬರೆದಿಡುವ ಕ್ರಮ ಹುಟ್ಟಿತು. ನಾವು ಇಂದಿಗೂ ‘ಉತಾರ’ ಎನ್ನುವ, ಮೈಸೂರಿನವರು ‘ಪಹಣಿ’ ಎನ್ನುವ ಕಾಗದದ ವಂಶವೃಕ್ಷ ಹೀಗಿದೆ. ಮುಂದೆ ಸ್ವಾತಂತ್ರ್ಯ ಬಂದ ಮೇಲೆ 1950ರ ಕಾಯದೆಯಿಂದ ಕುಲಕರ್ಣಿ ವತನವೇ ರದ್ದಾಯಿತು. 1951ರ ಮೇ 1ರಿಂದ ಅದು ಜಾರಿಗೆ ಬಂದಿತು. ಅಜ್ಜನು ಗಂಟುಗಳನ್ನು ಚಕ್ಕಡಿಯಲ್ಲಿ ಹೇರಿಸಿ ಕೊಟ್ಟನಂತೆ. ಮೂರು ಗಂಟುಗಳು ಹೇಗೋ ಹಿಂದೆ ಉಳಿದವು. ಅವನ ಜಾಗಕ್ಕೆ ಪಗಾರದ ತಲಾಟಿ ಬಂದನು. 1956ರ ನವೆಂಬರಿನಲ್ಲಿ ನಮ್ಮ ಜಿಲ್ಲೆ ಮುಂಬಯಿಯನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ತಲಾಟಿಯು ಕಾಗದದ ಮೇಲೆ ಗ್ರಾಮಲೆಕ್ಕಿಗನಾದನು. ಈಗ ಗ್ರಾಮ ಆಡಳಿತಾಧಿಕಾರಿ. ಜನರ ಬಾಯಲ್ಲಿ ಇನ್ನೂ ತಲಾಟಿಯೇ.

ಇನ್ನು ಹೆಬ್ಬೆಟ್ಟಿನ ಕಥೆ. ಅಕ್ಷರ ಬಾರದವನು ಕಾಗದದ ಮೇಲೆ ನೇಗಿಲಿನದೋ ಕತ್ತಿಯದೋ ಚಿತ್ರ ಗೀಚಿ ‘ನಿಶಾನಿ’ ಮಾಡುವದು ಮೊದಲಿನ ಪದ್ಧತಿ. ಹೆಬ್ಬೆಟ್ಟಿಗೆ ಶಾಸ್ತ್ರದ ಬೆಲೆ ಬಂದದ್ದು ನಮ್ಮ ದೇಶದಲ್ಲಿಯೇ ಎಂಬುದು ಎಷ್ಟೋ ಜನರಿಗೆ ಗೊತ್ತಿರಲಿಕ್ಕಿಲ್ಲ. 1858ರಲ್ಲಿ ಬಂಗಾಲದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿಯು ರಸ್ತೆಗೆ ಕಲ್ಲುಕಡಿ ಪೂರೈಸುವ ರಾಜ್ಯಧರ ಕೊನಾಯಿ ಎಂಬ ಗುತ್ತಿಗೆದಾರನ ಅಂಗೈಯನ್ನೇ ಮಸಿಯಲ್ಲಿ ಅದ್ದಿ ಕರಾರುಪತ್ರದ ಮೇಲೆ ಒತ್ತಿಸಿಕೊಂಡನು. ಮುಂದೆ ಆತನು “ಸಹಿ ನನ್ನದಲ್ಲ” ಎಂದು ತಿರುಗಿಬೀಳಬಾರದೆಂಬ ಅಂಜಿಕೆ ಹಾಕುವದಷ್ಟೇ ಹರ್ಷೆಲನ ಉದ್ದೇಶ. ಆದರೆ ಗುರುತುಗಳನ್ನು ಕೂಡಿಸುತ್ತ ಹೋದಂತೆ, ಒಬ್ಬರದು ಇನ್ನೊಬ್ಬರಿಗೆ ಹೋಲದೆಂದೂ, ವಯಸ್ಸಾದರೂ ಬದಲಾಗದೆಂದೂ ಅವನಿಗೆ ತಿಳಿಯಿತು. 1877ರಲ್ಲಿ ಹೂಗ್ಲಿಯಲ್ಲಿ ಪಿಂಚಣಿಯ ಪಾವತಿಗೂ ನೋಂದಣಿಯ ಪತ್ರಗಳಿಗೂ ಬೆರಳಿನ ಗುರುತನ್ನು ಕಡ್ಡಾಯ ಮಾಡಿದನು. ವಿಲಾಯತಿಯಲ್ಲಿ ಗಾಲ್ಟನ್ ಪಂಡಿತನು 1892ರಲ್ಲಿ ಇದರ ಮೇಲೆ ಗ್ರಂಥ ಬರೆದನು. 1897ರಲ್ಲಿ ಕಲಕತ್ತೆಯಲ್ಲಿ ಬೆರಳ ಗುರುತುಗಳ ಕಚೇರಿ ತೆರೆಯಿತು. ಆ ಗುರುತುಗಳನ್ನು ವಿಂಗಡಿಸುವ ಲೆಕ್ಕವನ್ನು ಕಂಡುಹಿಡಿದವರಲ್ಲಿ ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಎಂಬ ನಮ್ಮವರಿಬ್ಬರ ಪಾಲು ದೊಡ್ಡದು. ಹೆಸರು ಮಾತ್ರ ಅವರ ಮೇಲಧಿಕಾರಿ ಹೆನ್ರಿ ಸಾಹೇಬನದಾಯಿತು. ಕಚೇರಿಗಳಲ್ಲಿ ಇದೇನೂ ಅಪೂರ್ವವಲ್ಲ.

ಇಲ್ಲಿ ಓದುಗರು ಒಂದು ಮಾತನ್ನು ಲಕ್ಷ್ಯದಲ್ಲಿಡಬೇಕು. ಹರ್ಷೆಲನು ಕೊನಾಯಿಯ ಕೈಯನ್ನು ಒತ್ತಿಸಿಕೊಂಡದ್ದು ಸಹಿಯೆಂದು. ಸಹಿಯನ್ನು ಮುಚ್ಚಿಡುವದಿಲ್ಲ, ನಾಲ್ಕು ಜನ ನೋಡಲಿ ಎಂದೇ ಅದನ್ನು ಹಾಕುವದು. ನೋಡಿದಷ್ಟೂ ಅದಕ್ಕೆ ಬಲ.

ಈ ಹೆಬ್ಬೆಟ್ಟುಗಳ ಸುಗ್ಗಿಯನ್ನು ನಮ್ಮ ಭಾಗ ಕಂಡದ್ದು ಆಲಮಟ್ಟಿಯಿಂದ. 1964ರ ಮೇ 22ರಂದು ಲಾಲಬಹಾದ್ದೂರ ಶಾಸ್ತ್ರಿಗಳು ಅಣೆಕಟ್ಟಿನ ಅಡಿಗಲ್ಲನ್ನಿಟ್ಟರು. ರಾಷ್ಟ್ರಪತಿ ಅಬ್ದುಲ್ ಕಲಾಮರು ಅದನ್ನು ನಾಡಿಗೆ ಒಪ್ಪಿಸಿದ್ದು 2006ರ ಆಗಸ್ಟಿನಲ್ಲಿ. ನಡುವಿನ ನಾಲ್ವತ್ತೆರಡು ವರ್ಷಗಳಲ್ಲಿ ಕೃಷ್ಣೆಯ ದಂಡೆಯ ಊರವರು ಹಚ್ಚಿದ ಹೆಬ್ಬೆಟ್ಟುಗಳನ್ನು ಎಣಿಸಿದವರಿಲ್ಲ. ಭೂಸ್ವಾಧೀನದ ನೋಟೀಸಿಗೊಂದು, ಪಂಚನಾಮೆಗೊಂದು, ಪರಿಹಾರದ ಪಾವತಿಗೊಂದು, ಪುನರ್ವಸತಿಯ ಜಾಗದ ಹಕ್ಕುಪತ್ರಕ್ಕೊಂದು. ನಮ್ಮ ಸೋದರತ್ತೆಯ ಹೊಲವೂ ಹೋಯಿತು. ಹೊಲದಲ್ಲಿ ನೀರು ನಿಲ್ಲುವ ಎಷ್ಟೋ ಮುಂಚೆ ಉತಾರದಲ್ಲಿ ಆಕೆಯ ಹೆಸರು ಮುಳುಗಿದ್ದಿತು.

ಅತ್ತ ಹಿನ್ನೀರು ಏರುತ್ತಿದ್ದ ಕಾಲಕ್ಕೇ ಇತ್ತ ನಾನು ಗಣಕಯಂತ್ರದ ಮುಂದೆ ಕುಳಿತೆ. ರಾಜ್ಯ ಸರಕಾರವು ಎಲ್ಲ ಪಹಣಿಗಳನ್ನೂ ಗಣಕೀಕರಿಸುವ ‘ಭೂಮಿ’ ಯೋಜನೆಯನ್ನು ಕೈಕೊಂಡಿತ್ತು. ನನಗಾಗ ಇಪ್ಪತ್ತಮೂರು ವರ್ಷ, ಕೈಯಲ್ಲಿ ಒಂದು ಬಿ.ಕಾಂ. ಪದವಿ, ಬೇರೆ ಏನೂ ಇಲ್ಲ. ಒಬ್ಬ ಗುತ್ತಿಗೆದಾರನ ಕೈಕೆಳಗೆ ಬೆರಳಚ್ಚಿನ ಕೆಲಸ ಸಿಕ್ಕಿತು. ಈಗ ‘ಐಟಿ’ ಎಂದರೆ ಹೆಣ್ಣು ಕೊಡುವವರು ಎದ್ದು ನಿಲ್ಲುತ್ತಾರೆ. ನಾನು ಮಾಡಿದ ಐಟಿಯಲ್ಲಿ ಎರಡು ಪಾಳಿ, ಹೋಗಿ ಬರುವ ಕರೆಂಟು, ಒಂದು ಫ್ಯಾನು. ಕೊನೆಯ ಎರಡು ತಿಂಗಳ ಪಗಾರು ಇನ್ನೂ ಬರಬೇಕಾಗಿದೆ. ತಲಾಟಿಗಳ ಕೈಬರಹವನ್ನು ನೋಡಿ ನೋಡಿ ಬಡಿಯಬೇಕು. ಒಬ್ಬರ ‘ದ’ ಇನ್ನೊಬ್ಬರ ‘ಡ’. ನಾನೇ ಒಮ್ಮೆ ನಮ್ಮೂರನ್ನು ‘ನಿಡಗುಂಡಿ’ ಮಾಡಿದ್ದೆ. ಮತ್ತೊಮ್ಮೆ 4 ಎಕರೆ 12 ಗುಂಟೆಯನ್ನು 4 ಎಕರೆ 21 ಗುಂಟೆ ಎಂದು ಬಡಿದುಬಿಟ್ಟೆ. ತಾಳೆ ನೋಡಲು ಬಂದ ಮುದುಕ ತಲಾಟಿಯೊಬ್ಬರು ಕನ್ನಡಕವನ್ನು ಹಣೆಗೇರಿಸಿ, “ತಮ್ಮಾ, ಈ ಒಂಬತ್ತು ಗುಂಟೆ ಯಾರ ಹೊಲದಾಗಿಂದ ಕಿತ್ತು ತಂದಿ?” ಎಂದರು. ಆ ದಿನದಿಂದ ಅಂಕಿಯನ್ನು ಎರಡು ಸಲ ಓದದೆ ನಾನು ಮುಂದೆ ಹೋದವನಲ್ಲ. ಗುಂಡಿಯ ಒಂದು ಒತ್ತಿಗೆ ಒಂದು ಮನೆಯ ಮೂರು ತಿಂಗಳ ಜೋಳ ಅತ್ತಿತ್ತ ಆಗುವದೆಂಬ ಭಯ, ಬೇರೆ ಕಡೆ ಕೂತು ಇದೇ ಕೆಲಸ ಮಾಡುವವರಿಗೆ ಇದ್ದೀತೋ ಇಲ್ಲವೋ ಹೇಳಲಾರೆ.

‘ಭೂಮಿ’ಯನ್ನು ಹೊಗಳುವವರೂ ಇದ್ದಾರೆ, ತೆಗಳುವವರೂ ಇದ್ದಾರೆ. ನನ್ನ ಮತದಲ್ಲಿ ಅದು ಆ ಕಾಲಕ್ಕೆ ದೊಡ್ಡ ಕೆಲಸವೇ. ರಾಜೀವ ಚಾವ್ಲಾ ಎಂಬ ಅಧಿಕಾರಿಯ ನೇತೃತ್ವದಲ್ಲಿ, ಮದ್ದೂರಿನಲ್ಲಿ ಮೊದಲು ಪ್ರಯೋಗ ಮಾಡಿ, 177 ತಾಲೂಕುಗಳಲ್ಲಿ 67 ಲಕ್ಷ ರೈತರ ಸುಮಾರು 2 ಕೋಟಿ ದಾಖಲೆಗಳನ್ನು ಯಂತ್ರಕ್ಕೆ ಏರಿಸಿದರು. ಆಗ 15 ರೂಪಾಯಿ ಕೊಟ್ಟರೆ ಖಿಡಕಿಯಲ್ಲಿ ಉತಾರ ಕೈಗೆ ಬರುತ್ತಿದ್ದಿತು. ಕೈಬರಹದ ಉತಾರಕ್ಕೆ ಬೆಲೆಯಿಲ್ಲವೆಂದು ಸಾರಿದರು. ರೈತನ ಕಡೆ ಮುಖ ಮಾಡಿದ ಎರಡನೆಯ ಪರದೆಯೊಂದನ್ನು ಇಟ್ಟರು. ಒಳಗಿನವನು ಏನು ಬಡಿಯುವನೆಂಬುದು ಹೊರಗೆ ನಿಂತವನಿಗೂ ಕಾಣಬೇಕೆಂದು. ಅಜ್ಜನ ಮೋಡಿಯ ಗಂಟನ್ನು ನೋಡಿ ಬೆಳೆದ ನನಗೆ ಆ ಎರಡನೆಯ ಪರದೆ ಕಂಡಾಗ ಆದ ಸಂತೋಷವನ್ನು ಹೇಗೆ ಹೇಳಲಿ! ಹೆಸರು ಬದಲಾಯಿಸುವ ಅರ್ಜಿಗಳಿಗೆ ಸರದಿಯ ಕಟ್ಟಳೆ ಹಾಕಿದರು; ಹಿಂದೆ ಬಂದ ಅರ್ಜಿಯನ್ನು ಯಂತ್ರವು ಮುಂದೆ ಬಿಡದು.

ಇದಕ್ಕೂ ಮಿಗಿಲಾದದ್ದು ಇನ್ನೊಂದು. ಯಂತ್ರವನ್ನು ತೆರೆಯಲು ಗುಪ್ತಪದವನ್ನು ಕೊಟ್ಟರೆ ಒಬ್ಬರದನ್ನು ಇನ್ನೊಬ್ಬರು ಬಳಸಿ, ಆಮೇಲೆ “ನಾನಲ್ಲ, ಯಾರೋ” ಎನ್ನುವರು. ಅದಕ್ಕಾಗಿ ಅಧಿಕಾರಿಯ ಬೆರಳನ್ನೇ ಕೀಲಿಕೈ ಮಾಡಿದರು. ಬೆರಳು ಇಟ್ಟ ಹೊರತು ಯಂತ್ರ ತೆರೆಯದು. ತೆರೆದು ಮಾಡಿದ ಬದಲಾವಣೆ ಯಾರದೆಂಬುದು ಅಳಿಯದು. ಜನ್ಮವಿಡೀ ಒಕ್ಕಲಿಗನ ಹೆಬ್ಬೆಟ್ಟನ್ನು ಒತ್ತಿಸಿಕೊಂಡ ಕಚೇರಿಯು ಈಗ ತಾನು ಹೆಬ್ಬೆಟ್ಟು ಒತ್ತುವಂತಾಯಿತು. ಆ ಕಾಲದಲ್ಲಿ ನಮ್ಮ ಖೋಲಿಯಲ್ಲಿ ಇದೇ ದೊಡ್ಡ ವಿನೋದ.

ಹೀಗೆ ಬೆರಳು ಮೊದಲ ಸಲ ಸಹಿಯ ಕೆಲಸದಿಂದ ಕೀಲಿಕೈಯ ಕೆಲಸಕ್ಕೆ ಬಂದಿತು. ಕಚೇರಿಯ ಒಳಗೆ, ನಾಲ್ಕು ಜನರ ಕಣ್ಣೆದುರಿಗೆ, ಹೆಸರು ಗೊತ್ತಿದ್ದ ಕೆಲವೇ ಅಧಿಕಾರಿಗಳ ಮಟ್ಟಿಗೆ ಅದರಿಂದ ಬಾಧೆಯಿರಲಿಲ್ಲ. ಆದರೆ ಅದೇ ವೇಳೆಗೆ, 2002ರಲ್ಲಿ, ಜಪಾನಿನ ಯೊಕೊಹಾಮಾದಲ್ಲಿ ಮತ್ಸುಮೊಟೊ ಎಂಬ ಪ್ರಾಧ್ಯಾಪಕನು ತಿನಿಸಿಗೆ ಹಾಕುವ ಜೆಲಾಟಿನ್ನಿನಿಂದ ಬೆರಳು ಮಾಡಿ, ಬೆರಳು ಓದುವ ಯಂತ್ರಗಳನ್ನು ಮೋಸಗೊಳಿಸಿ ತೋರಿಸಿದ್ದನು. 2008ರಲ್ಲಿ ಜರ್ಮನಿಯ ಗಣಕ ಕುಶಲಿಗಳ ಸಂಘವೊಂದು ಆ ದೇಶದ ಗೃಹಮಂತ್ರಿಯೇ ಮುಟ್ಟಿದ ನೀರಿನ ಗ್ಲಾಸಿನಿಂದ ಅವನ ಬೆರಳ ಗುರುತನ್ನು ತೆಗೆದು ಅಚ್ಚು ಹಾಕಿ ಹಂಚಿತು! ಆ ಸುದ್ದಿಯನ್ನು ನಾನು ಓದಿದ್ದೆ. ಓದಿ, ವಿದೇಶದ ಹುಡುಗಾಟಿಕೆಯೆಂದು ನಕ್ಕು, ಪತ್ರಿಕೆಯನ್ನು ಮಡಿಚಿ ಇಟ್ಟಿದ್ದೆ.

ಮುಂದಿನದು ಬೇಗ ಬೇಗ ನಡೆಯಿತು. 2001ರಲ್ಲಿ ನೋಂದಣಿಯ ಕಾಯದೆಗೆ ತಿದ್ದುಪಡಿಯಾಗಿ, ಕೊಳ್ಳುವವರ, ಮಾರುವವರ ಭಾವಚಿತ್ರವೂ ಬೆರಳ ಗುರುತೂ ಪತ್ರದ ಮೇಲೆ ಕಡ್ಡಾಯವಾದವು. ಇದು ಹರ್ಷೆಲನ ಹಳೆಯ ಸಹಿಯೇ. ಸುಳ್ಳು ಮಾರಾಟಗಳನ್ನು ತಡೆಯಲು ಒಳ್ಳೆಯ ಉಪಾಯ. ಆ ಪತ್ರಗಳು ‘ಕಾವೇರಿ’ ಎಂಬ ಗಣಕ ವ್ಯವಸ್ಥೆಯಲ್ಲಿ ಚಿತ್ರಗಳಾಗಿ ಸೇರಿದವು. ಇನ್ನೊಂದು ದಿಕ್ಕಿನಿಂದ 2009ರಲ್ಲಿ ಆಧಾರದ ಪ್ರಾಧಿಕಾರ ಹುಟ್ಟಿ, 2010ರ ಸಪ್ಟೆಂಬರಿನಲ್ಲಿ ಮಹಾರಾಷ್ಟ್ರದ ಟೆಂಭ್ಲಿ ಎಂಬ ಹಳ್ಳಿಯಲ್ಲಿ ಮೊದಲ ಸಂಖ್ಯೆಯನ್ನು ಕೊಟ್ಟಿತು. ಆಮೇಲೆ ಆಧಾರದ ಮೇಲಿಂದ ಹಣ ಕೊಡುವ ಪದ್ಧತಿ: ಬ್ಯಾಂಕಿನ ಹೆಸರು, ಆಧಾರ ಸಂಖ್ಯೆ, ಬೆರಳು. ಇಷ್ಟಿದ್ದರೆ ಹಳ್ಳಿಯ ಕಿರಾಣಿ ಅಂಗಡಿಯ ಚಿಕ್ಕ ಯಂತ್ರದಲ್ಲಿಯೂ ರೊಕ್ಕ ಸಿಗುವದು. ಗುಪ್ತಪದ ಬೇಡ, ಫೋನಿಗೆ ಬರುವ ಅಂಕಿ ಬೇಡ, ಅಕ್ಷರ ಬರಬೇಕೆಂದಿಲ್ಲ. ಬ್ಯಾಂಕಿನ ಮುಖ ಕಾಣದ ಎಷ್ಟೋ ಮುದುಕಿಯರ ಕೈಗೆ ಪಿಂಚಣಿಯ ಹಣ ಬಂದದ್ದು ಇದರಿಂದ. ಆ ಉಪಕಾರವನ್ನು ಮರೆತು ಮಾತಾಡಬಾರದು.

ಆದರೆ ಎರಡೂ ದಾರಿಗಳು ಕೂಡಿದ ಸ್ಥಳದಲ್ಲಿ ಕಳ್ಳನು ಕಾದು ಕುಳಿತಿದ್ದನು. ಒಂದು ಇಲಾಖೆ ಹೆಬ್ಬೆಟ್ಟನ್ನು ಸಹಿಯೆಂದು ತಿಳಿದು, ಕಂಡವರು ನಕಲು ಪಡೆಯಲಿ ಎಂದು ಪತ್ರದ ಮೇಲೆ ಇಟ್ಟಿತು. ಇನ್ನೊಂದು ಅದೇ ಹೆಬ್ಬೆಟ್ಟನ್ನು ಕೀಲಿಕೈಯೆಂದು ತಿಳಿದು ತಿಜೋರಿಗೆ ಹಾಕಿತು. ಕೀಲಿಕೈಯ ಚಿತ್ರವನ್ನು ಬಾಗಿಲಿಗೇ ಅಂಟಿಸಿದಂತಾಯಿತು. ಇಬ್ಬರದೂ ಬೇರೆ ಬೇರೆಯಾಗಿ ನೋಡಿದರೆ ತಪ್ಪಿಲ್ಲ. ಕೂಡಿಸಿ ನೋಡುವ ಕೆಲಸ ಯಾರದೂ ಆಗಿರಲಿಲ್ಲ. 2023ರಲ್ಲಿ ಪೋಲೀಸರು ಹಿಡಿದ ತಂಡಗಳು ನೋಂದಣಿ ಪತ್ರಗಳ ನಕಲಿನಿಂದ ಬೆರಳನ್ನೂ ಆಧಾರ ಸಂಖ್ಯೆಯನ್ನೂ ಒಟ್ಟಿಗೇ ಎತ್ತಿಕೊಂಡಿದ್ದವು. ಆಮೇಲೆ ಇಲಾಖೆಯು ನಕಲುಗಳಲ್ಲಿ ಬೆರಳ ಗುರುತನ್ನು ಮರೆಮಾಡುವ ಏರ್ಪಾಡು ಮಾಡಿತು. ಆದರೆ ಅದಕ್ಕೆ ಮುಂಚೆ ಹೊರಗೆ ಬಿದ್ದ ಗುರುತುಗಳ ಗತಿಯೇನು? ಗುಪ್ತಪದ ಹೋದರೆ ಹೊಸದನ್ನು ಇಟ್ಟುಕೊಳ್ಳಬಹುದು. ಬಾಗಿಲ ಕೀಲಿಕೈ ಹೋದರೆ ಕೀಲಿಯನ್ನೇ ಬದಲಾಯಿಸಬಹುದು. ಬೆರಳನ್ನು ಏನು ಮಾಡುವದು? ಅಮೇರಿಕೆಯಲ್ಲಿ 2015ರಲ್ಲಿ ಸರಕಾರಿ ನೌಕರರ 56 ಲಕ್ಷ ಬೆರಳ ಗುರುತುಗಳು ಕಳುವಾದವು. ಆ ಜನರು ಬದುಕಿರುವ ವರೆಗೂ ಅವು ಕಳುವಾದವೇ.

ನಮ್ಮಕ್ಕನ ಗುರುತು ಎಲ್ಲಿಂದ ಹೋಯಿತೆಂಬುದು ಪತ್ತೆಯಾಗಲಿಲ್ಲ. ಗಂಡನು ತೀರಿದ ಮೇಲೆ ಆಕೆ ಎಷ್ಟೋ ಕಾಗದಗಳಿಗೆ ಬೆರಳು ಒತ್ತಿದ್ದಾಳೆ. 1930ಕ್ಕೆ ಫೋನು ಮಾಡಿದೆವು, ದೂರು ಬರೆಸಿದೆವು. ರಿಜರ್ವ್ ಬ್ಯಾಂಕಿನ 2017ರ ನಿಯಮದ ಪ್ರಕಾರ ಮೂರನೆಯವರಿಂದ ಆದ ಇಂಥ ಮೋಸವನ್ನು ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಖಾತೆದಾರನ ಮೇಲೆ ಹೊಣೆಯಿಲ್ಲ. ನಾವು ತಿಳಿಸಿದ್ದು ಹತ್ತೊಂಬತ್ತನೆಯ ದಿನ. ಆ ಇಂಗ್ಲೀಷ ಸಂದೇಶ ಕನ್ನಡದಲ್ಲಿದ್ದರೂ ಆಕೆಗೆ ಓದಲು ಬಾರದೆಂಬುದು ನಿಜ. ಆದರೆ ಕನ್ನಡದಲ್ಲಿದ್ದರೆ ಓಣಿಯ ಯಾವ ಹುಡುಗನಾದರೂ ಓದಿ ಹೇಳುತ್ತಿದ್ದನು.

ಸುದ್ದಿ ಕೇಳಿ ಮಗ ಬೆಂಗಳೂರಿನಿಂದ ಓಡಿಬಂದನು. ಅವನದು ರಾತ್ರಿಯ ಪಾಳಿ. ಅಮೇರಿಕೆಯ ಯಾವುದೋ ಬ್ಯಾಂಕಿನ ಗಣಕಗಳನ್ನು ಯಾರಾದರೂ ಒಡೆಯಲು ಬಂದರೇ ಎಂದು ಇಲ್ಲಿ ಕುಳಿತು ಕಾಯುವದು. ಹಿಂದೆ ನಮ್ಮೂರ ತಳವಾರನು ಗಸ್ತು ತಿರುಗುತ್ತಿದ್ದಂತೆ. ಊಟಕ್ಕೆ ಕುಳಿತಾಗ ಅವನು ಬಹಳ ಮಾತಾಡಲಿಲ್ಲ. “ಊರ ಮಂದಿ ಮನಿ ಕಾಯಾಕ ಪಗಾರ ತಗೋತೀನಿ ಮಾವಾ” ಎಂದಷ್ಟೇ ಅಂದನು. ಮರುದಿನ ತಾಯಿಯ ಆಧಾರದ ಬೆರಳ ಗುರುತಿಗೆ ಫೋನಿನ ಮೂಲಕ ಬೀಗ ಹಾಕಿದನು. ಹಾಗೆ ಬೀಗ ಹಾಕುವ ಸೌಕರ್ಯವನ್ನು ಪ್ರಾಧಿಕಾರವೇ ಕೊಟ್ಟಿದೆ; ಹಾಕಿದ ಮೇಲೆ ಆ ಬೆರಳು ಯಾವ ಯಂತ್ರದಲ್ಲಿಯೂ ನಡೆಯದು.

ಯಾವ ಯಂತ್ರದಲ್ಲಿಯೂ ಎಂದರೆ ರೇಶನ್ ಅಂಗಡಿಯದರಲ್ಲಿಯೂ. ಇದು ನೆನಪಾದದ್ದು ಮುಂದಿನ ತಿಂಗಳು, ಅಕ್ಕ ಅಕ್ಕಿಯ ಸರದಿಯಲ್ಲಿ ಚೀಲ ಹಿಡಿದು ನಿಂತಾಗ. ನಾನು ಮಗನಿಗೆ ಫೋನು ಹಚ್ಚಿದೆ. ರಾತ್ರಿಯಿಡೀ ಎಚ್ಚರಿದ್ದ ಅವನು ಹಗಲು ನಿದ್ದೆಯಿಂದೆದ್ದು ಬೀಗ ತೆಗೆದನು. ಅಕ್ಕ ಬೆರಳಿಟ್ಟಳು. ಯಂತ್ರವು ಒಪ್ಪಲಿಲ್ಲ. ಸೆರಗಿನಿಂದ ಒರೆಸಿ ಮತ್ತೆ ಇಟ್ಟಳು. ಅರವತ್ತು ವರ್ಷ ರೊಟ್ಟಿ ಬಡಿದು, ಸೆಗಣಿ ತಟ್ಟಿ, ಸವೆದ ಬೆರಳದು. ನಾಲ್ಕನೆಯ ಸಲವೂ ಕೆಂಪು ದೀಪವೇ ಹತ್ತಿತು. ಅಂಗಡಿಯವನು, ಪಾಪ, ಒದ್ದೆ ಅರಿವೆ ಕೊಟ್ಟನು, ಬೇರೆ ಬೆರಳು ಇಡೆಂದನು. ಅಕ್ಕ ಆ ಯಂತ್ರವನ್ನೂ ನನ್ನನ್ನೂ ನೋಡಿ ಕೇಳಿದಳು:

“ಆ ಕಳ್ಳಗ ಹತ್ತಿದ ಹೆಬ್ಬಟ್ಟು ನನಗ್ಯಾಕ ಹತ್ತವಲ್ದೋ ತಮ್ಮಾ?”